ಲೋರಾ ಚಿಪ್‌ಗೆ ಡ್ರೈವರ್: ಕೆಡುವುದೆಲ್ಲಿ?

ಎಲ್ಲರಿಗೂ ನಮಸ್ಕಾರ. ಲೋರಾ ಎಂದರೆ ಕಡಿಮೆ ವಿದ್ಯುತ್ತಿನಲ್ಲಿ ಬಹುದೂರಕ್ಕೆ ಸ್ವಲ್ಪ ಡೇಟಾ ಕಳಿಸುವ ರೇಡಿಯೋ ವಿಧಾನ, ಡ್ರೈವರ್ ಎಂದರೆ ಅದರ ಚಿಪ್ಪನ್ನು ನಡೆಸುವ ಕೋಡ್. ರೇಡಿಯೋ ಡ್ರೈವರ್ ಎಂದ ಕೂಡಲೇ ತರಂಗ, ಮಾಡ್ಯುಲೇಶನ್ ಎಂದು ಹಿಂಜರಿಯುವವರು ಬಹಳ. ಆ ಕೆಲಸವನ್ನು ಚಿಪ್ಪೇ ಮಾಡಿಕೊಳ್ಳುತ್ತದೆ. ನಾವು ಎಡವುವುದು ಯಾವ ರಿಜಿಸ್ಟರಿಗೆ (ಚಿಪ್ಪಿನೊಳಗೆ ಸೆಟ್ಟಿಂಗ್ ಇಡುವ ಗೂಡಿಗೆ) ಯಾವಾಗ ಬರೆಯಬೇಕು, ಎಷ್ಟು ಹೊತ್ತು ಕಾಯಬೇಕು ಎಂಬಲ್ಲಿ. ಸೆಮ್‌ಟೆಕ್‌ನ ಎಸ್‌ಎಕ್ಸ್1276 ಚಿಪ್ಪನ್ನೇ ಇಟ್ಟುಕೊಂಡು ಇದನ್ನು ನೋಡೋಣ. ರಿಜಿಸ್ಟರ್ ಸಂಖ್ಯೆಗಳೂ ಅವುಗಳಲ್ಲಿ ಓದುವ, ಬರೆಯುವ ಬೆಲೆಗಳೂ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿವೆ.

ರೀಸೆಟ್ ಪಿನ್ನನ್ನು 100 ಮೈಕ್ರೋಸೆಕೆಂಡಿಗಿಂತ ಹೆಚ್ಚು ಹೊತ್ತು ಕೆಳಗಿಳಿಸಿ, ಬಿಟ್ಟು, 5 ಮಿಲಿಸೆಕೆಂಡ್ ಕಾಯಿರಿ. ಮೈಕ್ರೋಕಂಟ್ರೋಲರ್ ಈ ಚಿಪ್ಪಿನೊಡನೆ ಮಾತಾಡುವ ಬಸ್ಸು ಎಸ್‌ಪಿಐ, ಅದರ ಮೋಡ್ 0. ವೇಗ 10 ಮೆಗಾಹರ್ಟ್ಸ್ ಮೀರಬಾರದು. ವಿಳಾಸದ ಬೈಟಿನ ಮೇಲಿನ ಬಿಟ್ 1 ಆದರೆ ಬರೆಯುವುದು, 0 ಆದರೆ ಓದುವುದು. ಮೊದಲು ಆವೃತ್ತಿ ಸಂಖ್ಯೆ ಇರುವ 42ನೇ ರಿಜಿಸ್ಟರ್ ಓದಿ, 12 ಬರಬೇಕು. 00 ಅಥವಾ ಎಫ್‌ಎಫ್ ಬಂದರೆ ಕೋಡ್ ಬಿಟ್ಟು ವೈರಿಂಗ್, ಚಿಪ್ ಸೆಲೆಕ್ಟ್, 3.3 ವೋಲ್ಟ್ ನೋಡಿ. 12 ಬಂತೆಂದು ಹಿಗ್ಗಬೇಡಿ. 525 ಮೆಗಾಹರ್ಟ್ಸ್‌ವರೆಗೆ ಮಾತ್ರ ಕೆಲಸ ಮಾಡುವ ಎಸ್‌ಎಕ್ಸ್1278 ಕೂಡ ಅದೇ 12 ಕೊಡುತ್ತದೆ. ಯಾವ ಚಿಪ್ ಎಂದು ತಿಳಿಯಲು ಅದರ ಮೇಲಿನ ಅಚ್ಚನ್ನೇ ಓದಬೇಕು.

ಈ ಚಿಪ್ ಎಚ್ಚರಗೊಳ್ಳುವುದು ಎಫ್‌ಎಸ್‌ಕೆ ಎಂಬ ಬೇರೆ ಮಾಡ್ಯುಲೇಶನ್ ಮೋಡ್‌ನಲ್ಲಿ. ಲೋರಾಗೆ ಬದಲಿಸುವ ಬಿಟ್, ಅಂದರೆ 01ನೇ ರಿಜಿಸ್ಟರಿನ 7ನೇ ಬಿಟ್, ಸ್ಲೀಪ್‌ನಲ್ಲಿದ್ದಾಗ ಮಾತ್ರ ಬದಲಾಗುತ್ತದೆ. ಸ್ಟ್ಯಾಂಡ್‌ಬೈನಲ್ಲಿ ಬರೆದರೆ ಚಿಪ್ ದೂರು ಹೇಳುವುದಿಲ್ಲ, ಬದಲಾಗುವುದೂ ಇಲ್ಲ. ಹಾಗಾಗಿ ಆ ರಿಜಿಸ್ಟರಿಗೆ ಮೊದಲು 00 (ಸ್ಲೀಪ್), ಆಮೇಲೆ 80 (ಲೋರಾ ಸ್ಲೀಪ್), ಓದಿ ಖಚಿತಪಡಿಸಿಕೊಂಡು 81 (ಲೋರಾ ಸ್ಟ್ಯಾಂಡ್‌ಬೈ) ಬರೆಯಿರಿ. ಫೈಫೋಗೆ, ಅಂದರೆ ಚಿಪ್ಪಿನೊಳಗಿನ ಪ್ಯಾಕೆಟ್ ಬಫರಿಗೆ, ಡೇಟಾ ತುಂಬುವುದು ಇದೆಲ್ಲ ಆದ ಮೇಲೆ. ಸ್ಲೀಪ್‌ಗೆ ಹೋದರೆ ಅದು ಖಾಲಿಯಾಗುತ್ತದೆ.

ಫ್ರೀಕ್ವೆನ್ಸಿಗೆ ಸೂತ್ರ ಸುಲಭ: ಮೆಗಾಹರ್ಟ್ಸ್ ಅನ್ನು 16384ರಿಂದ ಗುಣಿಸಿ. ಭಾರತದಲ್ಲಿ ಬಳಸುವ 865.0625ಕ್ಕೆ 14173184 ಬರುತ್ತದೆ. 06, 07, 08ನೇ ರಿಜಿಸ್ಟರುಗಳಲ್ಲಿ ಡಿ8, 44, 00. ಹರ್ಟ್ಸ್ ಲೆಕ್ಕದಲ್ಲಿ 32 ಬಿಟ್ ಪೂರ್ಣಾಂಕ ಬಳಸಿದರೆ ಗುಣಾಕಾರ ಉಕ್ಕಿಹೋಗುತ್ತದೆ. 64 ಬಿಟ್ ಬಳಸಿ.

ಈ ಬಗೆಯ ಚಿಪ್ ಕೂರಿಸಿದ ಆರ್‌ಎಫ್‌ಎಂ95 ಮಾಡ್ಯೂಲ್‌ನಲ್ಲಿ ಆಂಟೆನಾಗೆ ಹೋಗಿರುವುದು ಪಿಎ ಬೂಸ್ಟ್ ಎಂಬ ಹೆಚ್ಚು ಶಕ್ತಿಯ ಔಟ್‌ಪುಟ್ ಪಿನ್ ಮಾತ್ರ. 09ನೇ ರಿಜಿಸ್ಟರಿನ 7ನೇ ಬಿಟ್ ಹಾಕದಿದ್ದರೂ 'ಕಳಿಸಿ ಆಯಿತು' ಎಂಬ ಇಂಟರಪ್ಟ್ ಬರುತ್ತದೆ. ಮೇಜಿನ ಮೇಲೆ ಪ್ಯಾಕೆಟ್ ಸಿಗುತ್ತದೆ, ಪಕ್ಕದ ಕೋಣೆಯಲ್ಲಿ ಸಿಗುವುದಿಲ್ಲ. ಪೂರ್ತಿ 20 ಡಿಬಿಎಂಗೆ ಸುಮಾರು 120 ಮಿಲಿಆಂಪ್ ಬೇಕು. ನಾಣ್ಯದಾಕಾರದ ಬ್ಯಾಟರಿ ಅದನ್ನು ತಡೆಯದೆ ವೋಲ್ಟೇಜ್ ಕುಸಿದು ಮೈಕ್ರೋಕಂಟ್ರೋಲರ್ ರೀಸೆಟ್ ಆಗುತ್ತದೆ. ಅದನ್ನು ಕೋಡಿನ ತಪ್ಪೆಂದು ಹುಡುಕುತ್ತಾ ಕೂರುವವರಿದ್ದಾರೆ.

ಇಂಟರಪ್ಟ್ ಹ್ಯಾಂಡ್ಲರ್ ಒಳಗೆ ಎಸ್‌ಪಿಐ ಮುಟ್ಟಬೇಡಿ. ಅದೇ ಬಸ್ಸಿನಲ್ಲಿ ಫ್ಲ್ಯಾಶ್ ಚಿಪ್ ಇದ್ದರೆ ಎರಡು ವ್ಯವಹಾರ ಕಲಸಿಹೋಗುತ್ತವೆ. ಒಂದು ಫ್ಲ್ಯಾಗ್ ಎತ್ತಿ ಹೊರಬನ್ನಿ, ಉಳಿದದ್ದು ಮುಖ್ಯ ಲೂಪಿನಲ್ಲಿ. 12ನೇ ರಿಜಿಸ್ಟರಿನ ಆಯಾ ಬಿಟ್‌ಗೆ 1 ಬರೆದು ಅಳಿಸುವವರೆಗೆ ಇಂಟರಪ್ಟ್ ಕೊಡುವ ಡಿಐಒ0 ಪಿನ್ ಮೇಲೇ ಇರುತ್ತದೆ. ಅಳಿಸಲು ಮರೆತರೆ ಮುಂದಿನ ಏರುವ ಅಂಚು ಬರುವುದೇ ಇಲ್ಲ. ಮೊದಲ ಪ್ಯಾಕೆಟ್ ಬಂದು ಆಮೇಲೆ ಸದ್ದೇ ಇಲ್ಲವೆಂದರೆ ಬಹುತೇಕ ಇದೇ ಕಾರಣ. ಆ ಪಿನ್ನು ಸ್ವೀಕಾರಕ್ಕೂ ಕಳಿಸುವುದಕ್ಕೂ ಒಂದೇ; 40ನೇ ರಿಜಿಸ್ಟರಿನ ಮೇಲಿನ ಎರಡು ಬಿಟ್‌ಗಳನ್ನು ಪ್ರತಿ ಸಲ ಬದಲಿಸಿ.

ಟೈಮ್‌ಔಟ್ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. 20 ಬೈಟ್ ಡೇಟಾ, 125 ಕಿಲೋಹರ್ಟ್ಸ್, ಕೋಡಿಂಗ್ ದರ (ತಪ್ಪು ತಿದ್ದಲು ಸೇರಿಸುವ ಬಿಟ್‌ಗಳ ಪ್ರಮಾಣ) 4/5, ಪ್ರಿಆಂಬಲ್ (ಪ್ಯಾಕೆಟ್ಟಿನ ಮುಂದಿನ ಗುರುತು) 8 ಸಿಂಬಲ್ ಎಂದುಕೊಳ್ಳಿ. ಸ್ಪ್ರೆಡಿಂಗ್ ಫ್ಯಾಕ್ಟರ್ ಹೆಚ್ಚಿದಷ್ಟೂ ದೂರ ಹೆಚ್ಚು, ವೇಗ ಕಡಿಮೆ. ಅದು 7 ಇದ್ದಾಗ ಪ್ಯಾಕೆಟ್ ಗಾಳಿಯಲ್ಲಿರುವುದು ಸುಮಾರು 57 ಮಿಲಿಸೆಕೆಂಡ್, 12ರಲ್ಲಿ 1.32 ಸೆಕೆಂಡ್. ಒಂದು ಸೆಕೆಂಡಿನ ಸ್ಥಿರ ಟೈಮ್‌ಔಟ್ ಇಟ್ಟ ಡ್ರೈವರ್ ಪ್ರಯೋಗಾಲಯದಲ್ಲಿ ಗೆಲ್ಲುತ್ತದೆ. ದೂರ ಸಾಲದೆಂದು ಯಾರೋ 12ಕ್ಕೆ ಏರಿಸಿದ ದಿನ ಅರ್ಧ ಪ್ಯಾಕೆಟ್‌ನಲ್ಲೇ ಚಿಪ್ಪನ್ನು ನಿಲ್ಲಿಸುತ್ತದೆ. ಸೆಟ್ಟಿಂಗ್‌ನಿಂದಲೇ ಕಾಲವನ್ನು ಲೆಕ್ಕ ಹಾಕಿ.

ಸಿಂಬಲ್ ಕಾಲ 16 ಮಿಲಿಸೆಕೆಂಡ್ ದಾಟಿದಾಗ, ಅಂದರೆ 125 ಕಿಲೋಹರ್ಟ್ಸ್‌ನಲ್ಲಿ ಸ್ಪ್ರೆಡಿಂಗ್ ಫ್ಯಾಕ್ಟರ್ 11 ಮತ್ತು 12ಕ್ಕೆ, ನಿಧಾನದ ಡೇಟಾಗೆ ಹೊಂದಿಸುವ 26ನೇ ರಿಜಿಸ್ಟರಿನ 3ನೇ ಬಿಟ್ ಕಳಿಸುವ, ಪಡೆಯುವ ಎರಡೂ ಕಡೆ ಹಾಕಿರಬೇಕು. ಹೆಡರ್ ಸರಿಯಾಗಿ ಬಂದು ಸಿಆರ್‌ಸಿ (ಡೇಟಾ ಸರಿಯಿದೆಯೇ ಎಂಬ ತಾಳೆ) ಮಾತ್ರ ತಪ್ಪುತ್ತಿದ್ದರೆ ಮೊದಲು ಇದನ್ನೇ ನೋಡಿ.

ಪರೀಕ್ಷೆಗೆ ಒಂದೇ ಕೋಡ್ ಹಾಕಿದ ಎರಡು ಬೋರ್ಡ್ ಸಾಲದು. ಇಬ್ಬರದೂ ಒಂದೇ ತಪ್ಪಾದರೆ ಇಬ್ಬರೂ ಚೆನ್ನಾಗಿ ಮಾತಾಡಿಕೊಳ್ಳುತ್ತಾರೆ. ಬೇರೆಯವರು ಬರೆದ ಡ್ರೈವರ್ ಇರುವ ಮೂರನೇ ಬೋರ್ಡ್ ಇಟ್ಟುಕೊಳ್ಳಿ, ಜೊತೆಗೆ ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೋ ರಿಸೀವರಾದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ನಲ್ಲಿ 865 ಮೆಗಾಹರ್ಟ್ಸ್ ಸುತ್ತ ಸಿಗ್ನಲ್ ಎಲ್ಲಿ ಬೀಳುತ್ತಿದೆ ನೋಡಿ.