ಕಫದಲ್ಲಿ ಉತ್ತರ ಸಿಗದಾಗ: ಬ್ರಾಂಕಿಯೆಕ್ಟಾಸಿಸ್ ಮತ್ತು ಬ್ರಾಂಕೋಸ್ಕೋಪಿ

ನಮಸ್ಕಾರ. ಶ್ವಾಸನಾಳದ ಕವಲುಗಳು ಶಾಶ್ವತವಾಗಿ ಹಿಗ್ಗಿ, ಕಫವನ್ನು ಮೇಲಕ್ಕೆ ಸಾಗಿಸುವ ಶಕ್ತಿಯನ್ನು ಕಳೆದುಕೊಂಡ ಸ್ಥಿತಿಗೆ ಬ್ರಾಂಕಿಯೆಕ್ಟಾಸಿಸ್ ಎನ್ನುತ್ತಾರೆ. ಕಫ ನಿಂತಲ್ಲಿ ರೋಗಾಣು ನೆಲೆಯೂರುತ್ತದೆ, ಸೋಂಕು ಮರುಕಳಿಸಿದಷ್ಟೂ ನಾಳದ ಗೋಡೆ ಹಾಳಾಗುತ್ತದೆ. ಭಾರತದ 31 ಕೇಂದ್ರಗಳ 2195 ವಯಸ್ಕ ರೋಗಿಗಳ ವಿವರಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರಿಗೆ ಹಿಂದೆ ಬಂದುಹೋಗಿದ್ದ ಕ್ಷಯವೇ ಮೂಲವಾಗಿತ್ತು. ಕಫದಲ್ಲಿ ಅತಿ ಹೆಚ್ಚು ಬೆಳೆದ ರೋಗಾಣು ಸ್ಯೂಡೋಮೊನಾಸ್.

ಸೋಂಕಿನ ಅನುಮಾನ ಬಂದಾಗ ಮೊದಲ ಪರೀಕ್ಷೆ ಕಫದ್ದೇ ಹೊರತು, ತುದಿಯಲ್ಲಿ ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸಿ ನೋಡುವ ಬ್ರಾಂಕೋಸ್ಕೋಪಿಯಲ್ಲ. ಬೆಳಿಗ್ಗೆ ಬಾಯಿಯನ್ನು ಬರಿಯ ನೀರಿನಲ್ಲಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫವನ್ನು, ಸಾಧ್ಯವಾದರೆ ಆಂಟಿಬಯೋಟಿಕ್ ಆರಂಭಿಸುವ ಮೊದಲೇ, ಲ್ಯಾಬ್‌ಗೆ ತಲುಪಿಸಬೇಕು. ಡಬ್ಬಿಗೆ ಉಗುಳು ತುಂಬಿಸಿ ಕೊಟ್ಟರೆ ಲ್ಯಾಬ್‌ನವರು ಪಾಪ, ಉಗುಳಿನ ವರದಿಯನ್ನೇ ಕೊಡುತ್ತಾರೆ. ಕಫ ಬಾರದವರಿಗೆ ಉಪ್ಪಿನಂಶ ಹೆಚ್ಚಿರುವ ಸಲೈನನ್ನು ನೆಬ್ಯುಲೈಜರ್‌ನಲ್ಲಿ ಕೊಟ್ಟು ಕೆಮ್ಮಿಸುವ ದಾರಿಯೂ ಇದೆ.

ಅದೂ ಫಲಿಸದೆ, ಔಷಧಿ ಕೊಟ್ಟರೂ ರೋಗಿ ಸುಧಾರಿಸದಿದ್ದಾಗ ಅಥವಾ ಶ್ವಾಸಕೋಶದ ಒಂದೇ ಭಾಗ ಹಾಳಾಗಿದ್ದು ಅಲ್ಲಿ ನಾಳವನ್ನು ಗಡ್ಡೆಯೋ ಹೊರವಸ್ತುವೋ ಮುಚ್ಚಿರಬಹುದೆನಿಸಿದಾಗ ಬ್ರಾಂಕೋಸ್ಕೋಪಿಗೆ ಅರ್ಥ ಬರುತ್ತದೆ.

(ದೃಶ್ಯ: ಸಿಟಿ ಸ್ಕ್ಯಾನ್ ಪರದೆಯ ಮುಂದೆ ವೈದ್ಯರು)

ಬ್ರಾಂಕೋಸ್ಕೋಪಿಯಲ್ಲಿ ನಾಳದ ಕವಲನ್ನು ಸಲೈನ್ ನೀರಿನಿಂದ ತೊಳೆದು ಮಾದರಿ ತೆಗೆಯುತ್ತಾರೆ. ಆ ನೀರು ಯಾವ ಕವಲಿಗೆ ಹೋಗಬೇಕೆಂಬುದನ್ನು ವೈದ್ಯರು ಸಿಟಿ ಸ್ಕ್ಯಾನ್ ನೋಡಿ ಮೊದಲೇ ನಿರ್ಧರಿಸಿರುತ್ತಾರೆ. ಗಂಟಲನ್ನು ಮರಗಟ್ಟಿಸಿ, ಬಾಯಿಯ ರೋಗಾಣು ಮಾದರಿಯೊಳಗೆ ಸೇರದಂತೆ ಧ್ವನಿತಂತುಗಳನ್ನು ದಾಟುವವರೆಗೂ ಆದಷ್ಟು ಏನನ್ನೂ ಹೀರದೆ ಕೊಳವೆಯನ್ನು ಇಳಿಸುತ್ತಾರೆ. ಅದರ ತುದಿ ಕವಲಿನ ಬಾಯಿಗೆ ಬಿರಡೆಯಂತೆ ಕೂತ ಮೇಲೆ ಸಿರಿಂಜಿನಿಂದ ಸಲೈನನ್ನು ಕಂತುಕಂತಾಗಿ ಬಿಟ್ಟು, ಮೆಲ್ಲನೆ ವಾಪಸು ಹೀರುತ್ತಾರೆ. ಬಿಟ್ಟದ್ದೆಲ್ಲ ಮರಳುವುದಿಲ್ಲ, ಹಿಗ್ಗಿದ ನಾಳದಲ್ಲಂತೂ ಒಂದಿಷ್ಟು ಉಳಿದೇ ಬಿಡುತ್ತದೆ. ಬಾಟಲಿಗೆ ಬಂದ, ಮೇಲೆ ತೆಳುನೊರೆ ಕಟ್ಟಿದ ಆ ಮಸುಕು ನೀರಿಗಾಗಿಯೇ ಇಷ್ಟೆಲ್ಲ ಶ್ರಮ. ಪರದೆಯ ಮೇಲೆ ಕಾಣುವ ಕೆಂಪು ಗೋಡೆ, ಹಳದಿ ಕೀವು ಎಷ್ಟೇ ಸ್ಪಷ್ಟವಾಗಿದ್ದರೂ ರೋಗಾಣುವಿನ ಹೆಸರನ್ನು ಹೇಳಲಾರವು.

ಹೆಸರು ಹಿಡಿಯುವುದರಲ್ಲಿ ನಮ್ಮ ದೇಶದಲ್ಲಿ ಒಂದು ತೊಡಕಿದೆ. ಮಣ್ಣು, ನೀರಿನಲ್ಲಿ ವಾಸಿಸುವ, ಕ್ಷಯದ ಬಳಗದವೇ ಆದರೂ ಕ್ಷಯ ತಾರದ ಎನ್‌ಟಿಎಂ ಎಂಬ ರೋಗಾಣುಗಳು ಸೂಕ್ಷ್ಮದರ್ಶಕದಡಿಯಲ್ಲಿ ಕ್ಷಯದ ರೋಗಾಣುವಿನಂತೆಯೇ ಕಾಣುತ್ತವೆ. ಹಿಂದೆ ಟಿಬಿ ಆಗಿದ್ದವರ ಸ್ಲೈಡು ಪಾಸಿಟಿವ್ ಬಂದರೆ ಟಿಬಿಯೇ ಮರಳಿತೆಂದು ಭಾವಿಸುವುದು ಸುಲಭ, ಆದರೆ ಎರಡರ ಔಷಧಿ ಬೇರೆ. ಆದ್ದರಿಂದ ಅದೇ ನೀರನ್ನು ಕ್ಷಯದ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೂ, ಮೈಕೋಬ್ಯಾಕ್ಟೀರಿಯಾ ಎಂಬ ಈ ಇಡೀ ಬಳಗದ ರೋಗಾಣುಗಳನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಕಲ್ಚರ್‌ಗೂ ಕಳಿಸಬೇಕು. ರೋಗಲಕ್ಷಣ ಮತ್ತು ಸ್ಕ್ಯಾನ್ ಹೊಂದಿಕೆಯಾದಾಗ ಎನ್‌ಟಿಎಂ ಕಾಯಿಲೆಯೆನ್ನಲು ಕಫದ ಕನಿಷ್ಠ ಎರಡು ಕಲ್ಚರ್ ಪಾಸಿಟಿವ್ ಬೇಕಾದಲ್ಲಿ, ಬ್ರಾಂಕೋಸ್ಕೋಪಿಯ ನೀರಿನದು ಒಂದೇ ಸಾಕು. ಆದರೆ ಕೊಳವೆಯನ್ನು ನಲ್ಲಿ ನೀರಿನಲ್ಲಿ ತೊಳೆದಿದ್ದರೆ ಆ ನೀರಿನ ಎನ್‌ಟಿಎಂ ರೋಗಿಯ ವರದಿಯಲ್ಲಿ ಕಾಣಿಸಿಕೊಳ್ಳಬಹುದು.

ಒಂದು ಮಿಲಿಲೀಟರಿಗೆ 10,000ಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಬೆಳೆದರೆ ಸೋಂಕು ಎನ್ನುವ ಅಳತೆ ಮುಖ್ಯವಾಗಿ ನ್ಯುಮೋನಿಯಾದ್ದು. ರೋಗಾಣು ಮೊದಲೇ ಬೀಡುಬಿಟ್ಟಿರುವ ಬ್ರಾಂಕಿಯೆಕ್ಟಾಸಿಸ್‌ನಲ್ಲಿ ಸಂಖ್ಯೆಯೊಂದನ್ನೇ ನೋಡಿ ಔಷಧಿ ಬರೆಯುವುದು ನನ್ನ ದೃಷ್ಟಿಯಲ್ಲಿ ಅವಸರವಾಗುತ್ತದೆ. ಕಫದ ಬಣ್ಣ, ಪ್ರಮಾಣ, ಜ್ವರ, ಉಸಿರಾಟ ಬದಲಾಗಿವೆಯೇ ಎಂಬುದನ್ನೂ ನೋಡಬೇಕು.

ಪರೀಕ್ಷೆಯ ನಂತರ ಗಂಟಲಿನ ಮರಗಟ್ಟುವಿಕೆ ಇಳಿಯುವವರೆಗೆ, ಅಂದರೆ ಸುಮಾರು ಎರಡು ತಾಸು, ನೀರನ್ನೂ ಕುಡಿಯಬಾರದು. ಆ ಸಂಜೆ ಜ್ವರ ಬಂದು ತಾನೇ ಇಳಿಯಬಹುದು. ಒಂದು ದಿನ ದಾಟಿದರೆ, ಅಥವಾ ರಕ್ತ ಹೆಚ್ಚಾಗಿ ಬಂದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಾಮಾನ್ಯ ಬ್ಯಾಕ್ಟೀರಿಯಾದ ಕಲ್ಚರ್ ವರದಿ ಎರಡು ಮೂರು ದಿನಗಳಲ್ಲಿ ಕೈಸೇರುತ್ತದೆ. ಮೈಕೋಬ್ಯಾಕ್ಟೀರಿಯಾದ್ದು ನೆಗೆಟಿವ್ ಎನ್ನಲು ದ್ರವ ಮಾಧ್ಯಮದಲ್ಲಿ ಆರು ವಾರ ಕಾಯುತ್ತಾರೆ. ಹಾಗಾಗಿ ಮೊದಲ ವರದಿ ಪಡೆದ ದಿನವೇ ಎರಡನೆಯದು ಯಾವಾಗ ಎಂದು ಕೇಳಿ ಬರೆದಿಟ್ಟುಕೊಳ್ಳಿ.