ತೆರೆದು ನೋಡಿ

ಕೇಳುಗರಿಗೆ ನಮಸ್ಕಾರ. ಅದರಲ್ಲೂ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ಗೆಳೆಯ ಗೆಳತಿಯರೇ, ಕಂಪ್ಯೂಟರ್ ಕಲಿಕೆಯ ಬಗೆಗಿನ ಇವತ್ತಿನ ಮಾತು ನಿಮಗಾಗಿಯೇ.

ವಿದ್ಯಾರ್ಥಿಗಳ ಬಾಯಲ್ಲಿ ಎರಡು ಮಾತು ಸದಾ ಕೇಳುತ್ತೇನೆ. ‘ಕಂಪ್ಯೂಟರ್ ನನ್ನ ವಿಷಯ ಅಲ್ಲ ಸರ್’ ಅನ್ನುವುದು ಒಂದು. ‘ಅದೆಲ್ಲ ಗೊತ್ತು ಸರ್, ಚಿಕ್ಕಂದಿನಿಂದ ಫೋನ್ ಹಿಡಿದವರು ನಾವು’ ಅನ್ನುವುದು ಇನ್ನೊಂದು. ಎರಡರಿಂದಲೂ ಆಗುವುದು ಒಂದೇ. ಕಲಿಕೆ ಅಲ್ಲಿಗೇ ನಿಲ್ಲುತ್ತದೆ.

ಮಾರ್ಕ್ ಪ್ರೆನ್ಸ್ಕಿ ಎಂಬ ಲೇಖಕರು 2001ರಲ್ಲಿ ಹೊಸ ಪೀಳಿಗೆಯವರನ್ನು ‘ಡಿಜಿಟಲ್ ನೇಟಿವ್’, ಅಂದರೆ ಡಿಜಿಟಲ್ ಲೋಕದಲ್ಲೇ ಹುಟ್ಟಿ ಬೆಳೆದವರು, ಎಂದು ಕರೆದರು. ಈ ಹುಡುಗರಿಗೆ ಎಲ್ಲವೂ ಹುಟ್ಟಿನಿಂದಲೇ ಬರುತ್ತದೆ ಎಂದು ದೊಡ್ಡವರೂ ನಂಬಿಬಿಟ್ಟರು. ದಯವಿಟ್ಟು ನಂಬಬೇಡಿ, ಬರುವುದಿಲ್ಲ! ದಿನವಿಡೀ ವಿಡಿಯೊ ನೋಡುವವರು ತಾವೇ ಇಳಿಸಿಕೊಂಡ ಫೈಲು ಎಲ್ಲಿದೆ ಎಂದು ತಡಕಾಡುವುದನ್ನು ನಾನು ನೋಡಿದ್ದೇನೆ. ಬಳಸುವುದು ಬೇರೆ, ಒಳಗೆ ಏನು ನಡೆಯುತ್ತಿದೆ ಎಂದು ತೆರೆದು ನೋಡುವುದು ಬೇರೆ. ನಾನು ಹೇಳುವುದು ಇಷ್ಟೇ, ತೆರೆದು ನೋಡಿ.

ನನಗೆ ತುಂಬ ಇಷ್ಟವಾದ ಪ್ರಸಂಗವೊಂದಿದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹರ್ನ್‌ಡನ್ ಎಂಬ ಸಂಶೋಧನಾ ವಿದ್ಯಾರ್ಥಿ ಇದ್ದರು. ಓದುತ್ತಿದ್ದದ್ದು ಅರ್ಥಶಾಸ್ತ್ರ, ಕಂಪ್ಯೂಟರ್ ವಿಜ್ಞಾನವಲ್ಲ. ಪ್ರಕಟವಾದ ಒಂದು ಪ್ರಬಂಧವನ್ನು ಆರಿಸಿಕೊಂಡು, ಅದರ ಲೆಕ್ಕವನ್ನು ನೀವೇ ಮತ್ತೆ ಮಾಡಿ ಎಂದು ತರಗತಿಯಲ್ಲಿ ಕೆಲಸ ಕೊಟ್ಟಿದ್ದರು. ಇವರು ಆರಿಸಿಕೊಂಡದ್ದು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಘಟಾನುಘಟಿ ಅರ್ಥಶಾಸ್ತ್ರಜ್ಞರ 2010ರ ಪ್ರಬಂಧ. ಸರ್ಕಾರದ ಸಾಲ ಜಿಡಿಪಿಯ, ಅಂದರೆ ದೇಶದ ಒಟ್ಟು ವಾರ್ಷಿಕ ಉತ್ಪನ್ನದ, ಶೇಕಡಾ 90 ದಾಟಿದ ದೇಶಗಳಲ್ಲಿ ಸರಾಸರಿ ಆರ್ಥಿಕ ಬೆಳವಣಿಗೆ ಸೊನ್ನೆಗಿಂತಲೂ ಕೆಳಗೆ, ಶೇಕಡಾ ಮೈನಸ್ 0.1 ಎಂದು ಅದು ಹೇಳಿತ್ತು. ಸರ್ಕಾರದ ಖರ್ಚು ಕಡಿತ ಮಾಡಬೇಕೆಂದು ವಾದಿಸುವ ರಾಜಕಾರಣಿಗಳು ಅದನ್ನೇ ಎತ್ತಿ ತೋರಿಸುತ್ತಿದ್ದರು.

ಹುಡುಗ ಎಷ್ಟು ಸಲ ಲೆಕ್ಕ ಹಾಕಿದರೂ ಆ ಉತ್ತರ ಬರಲಿಲ್ಲ. ತಪ್ಪು ಹುಡುಗನದೇ ಇರಬೇಕೆಂದು ಅವರ ಅಧ್ಯಾಪಕರಿಗೂ ಮೊದಲು ಅನ್ನಿಸಿತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ‘ನನಗೆ ಇದು ಬರಲ್ಲ’ ಎಂದು ಎದ್ದುಬಿಡುತ್ತಿದ್ದಿರೋ ಏನೋ. ಹರ್ನ್‌ಡನ್ ನೇರ ಲೇಖಕರಿಗೇ ಬರೆದು ಅವರ ಸ್ಪ್ರೆಡ್‌ಶೀಟ್, ಅಂದರೆ ಕಂಪ್ಯೂಟರಿನಲ್ಲಿ ಸಾಲು ಸಾಲಾಗಿ ಲೆಕ್ಕ ಮಾಡಿದ ಹಾಳೆ, ಕೇಳಿದರು. ಅವರೂ ಕಳಿಸಿಕೊಟ್ಟರು. ಹರ್ನ್‌ಡನ್ ಸರಾಸರಿ ಇದ್ದ ಸೆಲ್ ಮೇಲೆ, ಅಂದರೆ ಹಾಳೆಯ ಆ ಚೌಕದ ಮೇಲೆ, ಕ್ಲಿಕ್ ಮಾಡಿ ಅದರ ಹಿಂದಿನ ಫಾರ್ಮುಲಾ ನೋಡಿದರು. ಇಪ್ಪತ್ತು ದೇಶಗಳ ಸಾಲುಗಳನ್ನು ಒಳಗೊಳ್ಳಬೇಕಾದ ಫಾರ್ಮುಲಾ ಹದಿನೈದಕ್ಕೇ ನಿಂತಿತ್ತು! ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್, ಐದೂ ಲೆಕ್ಕದಿಂದ ಬಿಟ್ಟುಹೋಗಿದ್ದವು. ತಮ್ಮ ಇಬ್ಬರು ಅಧ್ಯಾಪಕರೊಂದಿಗೆ ಸೇರಿ ಇದನ್ನೂ ಲೆಕ್ಕದ ಇತರ ದೋಷಗಳನ್ನೂ ತಿದ್ದಿ 2013ರಲ್ಲಿ ಪ್ರಕಟಿಸಿದಾಗ ಶೇಕಡಾ ಮೈನಸ್ 0.1 ಇದ್ದದ್ದು ಶೇಕಡಾ 2.2 ಆಯಿತು. ಫಾರ್ಮುಲಾ ತಪ್ಪಿದ್ದನ್ನು ಮೂಲ ಲೇಖಕರೂ ಒಪ್ಪಿಕೊಂಡರು.

ಸರಾಸರಿಯ ಫಾರ್ಮುಲಾ ಅರ್ಧ ಗಂಟೆಯಲ್ಲಿ ಕಲಿಯುವಂಥದ್ದು. ಆ ಪ್ರಬಂಧ ಓದಿದ ಎಷ್ಟೋ ಜನರಿಗೆ ಅದು ಗೊತ್ತೇ ಇತ್ತು. ತೆರೆದು ನೋಡಬೇಕು ಅನ್ನುವ ಹಟ ಇದ್ದದ್ದು ಈ ವಿದ್ಯಾರ್ಥಿಗೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ‘ನನಗೆ ಧೈರ್ಯ ಬಂದಮೇಲೆ ಕಲಿಯುತ್ತೇನೆ’ ಅನ್ನುತ್ತೀರಿ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದಿದ್ದಾರೆ: ನನ್ನಿಂದ ಆಗುತ್ತದೆ ಎಂಬ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿ ಬರುವುದು ಸ್ವತಃ ಮಾಡಿ ಗೆದ್ದ ಅನುಭವದಿಂದ. ಅಂದಮೇಲೆ ಕೆಲಸ ಮೊದಲು, ಧೈರ್ಯ ಆಮೇಲೆ. ‘ಎಐ ಎಲ್ಲ ಮಾಡಿಕೊಡುತ್ತದಲ್ಲ’ ಅನ್ನುವವರಿಗೂ ಅದೇ ಉತ್ತರ. ಅದು ಕೊಟ್ಟ ಸಂಖ್ಯೆ ಎಲ್ಲಿಂದ ಬಂತು ಎಂದು ತೆರೆದು ನೋಡಲು ಬಾರದಿದ್ದರೆ ಅದು ಸರಿಯೋ ತಪ್ಪೋ ನಿಮಗೆ ಹೇಗೆ ತಿಳಿಯಬೇಕು? ಅಧ್ಯಾಪಕ ಮಿತ್ರರಲ್ಲೂ ಒಂದು ವಿನಂತಿ: ‘ಇಷ್ಟೂ ಗೊತ್ತಿಲ್ಲವೇ’ ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳಿಸಿಕೊಂಡವರು ಮತ್ತೆ ಬಾಯಿ ಬಿಡುವುದಿಲ್ಲ.

ಇವತ್ತೇ ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಹತ್ತು ಸಂಖ್ಯೆ ಬರೆದು ಸರಾಸರಿ ತೆಗೆಯಿರಿ. ಬೇಕೆಂದೇ ಫಾರ್ಮುಲಾದಲ್ಲಿ ಎರಡು ಸಾಲು ಬಿಟ್ಟು, ಉತ್ತರ ಎಷ್ಟು ಬದಲಾಯಿತು ನೋಡಿ. ಆಮೇಲೆ ಆ ಹಾಳೆಯನ್ನು ಗೆಳೆಯರಿಗೆ ಕಳಿಸಿ, ತಪ್ಪು ಎಲ್ಲಿದೆ ಹುಡುಕಲು ಹೇಳಿ. ನಮಸ್ಕಾರ.