ಹಾರ್ಟ್ ರಿದಮ್ ತೊಂದರೆ ಇರುವ ಕ್ರೀಡಾಪಟುಗಳೇ, ವಾಂತಿ ಮಾತ್ರೆ ನುಂಗುವ ಮುಂಚೆ ಇದನ್ನು ನೋಡಿ

[ಸ್ಕ್ರೀನ್ ಮೇಲೆ: ಎರಡು ಮಾತ್ರೆ ಸ್ಟ್ರಿಪ್‌ಗಳು]

ನಾಳೆ ಬೆಳಿಗ್ಗೆ ರೇಸ್. ಇವತ್ತು ಸಂಜೆಯಿಂದ ವಾಂತಿ, ಭೇದಿ. ವಾಂತಿ ನಿಲ್ಲಲಿ ಅಂತ ಒಂಡಾನ್ಸೆಟ್ರಾನ್, ಇನ್‌ಫೆಕ್ಷನ್ ಇರಬಹುದು ಅಂತ ಅಜಿತ್ರೋಮೈಸಿನ್. ಎರಡೂ ತುಂಬಾ ಜನ ತೆಗೆದುಕೊಳ್ಳುವ ಮಾತ್ರೆಗಳೇ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಆ ಓಟಗಾರರಿಗೆ ಲಾಂಗ್ ಕ್ಯೂಟಿ ಸಿಂಡ್ರೋಮ್, ಅಂದರೆ ಒಂದು ಬಡಿತದ ನಂತರ ಹೃದಯ ಮುಂದಿನದಕ್ಕೆ ಸಜ್ಜಾಗಲು ಹೆಚ್ಚು ಹೊತ್ತು ಹಿಡಿಯುವ ತೊಂದರೆ, ಇದ್ದರೆ ಕಥೆ ಬೇರೆ.

[ಇಸಿಜಿ ಗೆರೆ, ಕ್ಯೂಟಿ ಭಾಗ ಕೆಂಪು ಬಣ್ಣದಲ್ಲಿ]

ಪ್ರತಿ ಬಡಿತದ ನಂತರ ಹೃದಯದ ಜೀವಕೋಶಗಳು ಮತ್ತೆ ಚಾರ್ಜ್ ಆಗಬೇಕು. ಅದಕ್ಕೆ ಪೊಟ್ಯಾಸಿಯಂ ಕೋಶದಿಂದ ಹೊರಗೆ ಹೋಗಬೇಕು. ಇಸಿಜಿಯಲ್ಲಿ ಕ್ಯೂಟಿ ಅಂದರೆ ಬಡಿತದ ಸಂಕೇತ ಶುರುವಾಗಿ ಈ ಚಾರ್ಜ್ ಮುಗಿಯುವವರೆಗಿನ ಹೊತ್ತು. ಲಾಂಗ್ ಕ್ಯೂಟಿ ಇರುವವರಲ್ಲಿ ಈ ಕೆಲಸ ಮೊದಲೇ ನಿಧಾನ. ಮೇಲೆ ಹೇಳಿದ ಎರಡೂ ಮಾತ್ರೆಗಳು ಪೊಟ್ಯಾಸಿಯಂ ಹೋಗುವ ದಾರಿಗೇ ಅಡ್ಡ ಬರುತ್ತವೆ. ಕೋಶಗಳು ಇನ್ನೂ ಚಾರ್ಜ್ ಆಗುತ್ತಿರುವಾಗಲೇ ಹೊಸ ಬಡಿತ ಬಂದು ಬಿತ್ತು ಅಂದರೆ ಟಾರ್ಸಾಡ್ಸ್ ಎಂಬ ಅಡ್ಡಾದಿಡ್ಡಿ ಬಡಿತ ಶುರುವಾಗಬಹುದು, ಮನುಷ್ಯ ಎಚ್ಚರ ತಪ್ಪಿ ಬೀಳಬಹುದು, ಲಯ ತಾನಾಗಿ ಸರಿಹೋಗದಿದ್ದರೆ ಜೀವಕ್ಕೇ ಕುತ್ತು. ಕ್ಯೂಟಿಸಿ, ಅಂದರೆ ಹಾರ್ಟ್ ರೇಟ್‌ಗೆ ಹೊಂದಿಸಿ ಲೆಕ್ಕ ಹಾಕಿದ ಕ್ಯೂಟಿ, 500 ಮಿಲಿಸೆಕೆಂಡ್ ದಾಟಿದರೆ ಡಾಕ್ಟರುಗಳು ಗಾಬರಿ ಬೀಳುವುದು ಇದಕ್ಕೇ.

ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ವಾಂತಿ-ಭೇದಿಯಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ದೇಹದಿಂದಲೇ ಹೊರಗೆ ಹೋಗುತ್ತವೆ, ಅದರಿಂದಲೂ ಕ್ಯೂಟಿ ಉದ್ದವಾಗುತ್ತದೆ. ಲಾಂಗ್ ಕ್ಯೂಟಿಗೆ ಅಂತ ಬೆಳಿಗ್ಗೆ ನುಂಗಿದ ಬೀಟಾ ಬ್ಲಾಕರ್ (ಹೃದಯದ ಬಡಿತವನ್ನು ಹತೋಟಿಯಲ್ಲಿಡುವ ಮಾತ್ರೆ) ಕೂಡ ವಾಂತಿಯಲ್ಲೇ ಹೋಗಿರಬಹುದು, ಅಲ್ವಾ? ಹಾಗಂತ ಸುಮ್ನೆ ಇನ್ನೊಂದು ನುಂಗಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಆ ರೇಸ್ ಬಿಟ್ಟುಬಿಡಿ ಅನ್ನುವುದು ನನ್ನ ಮಾತು.

ಕ್ಲಾರಿಥ್ರೋಮೈಸಿನ್, ಮಾಕ್ಸಿಫ್ಲಾಕ್ಸಾಸಿನ್, ಫ್ಲುಕೊನಜೋಲ್, ಡೋಂಪೆರಿಡೋನ್, ಎಸಿಟಲೋಪ್ರಾಮ್ ಕೂಡ ಕ್ಯೂಟಿ ಉದ್ದ ಮಾಡುವ ಇದೇ ಗುಂಪಿನವು. ಟರ್ಫೆನಡಿನ್ ಅಂತ ಒಂದು ಅಲರ್ಜಿ ಮಾತ್ರೆ ಇತ್ತು, ಇದೇ ತೊಂದರೆಯಿಂದ 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಕ್ರೆಡಿಬಲ್‌ಮೆಡ್ಸ್ ವೆಬ್‌ಸೈಟಿನಲ್ಲಿ ಪಟ್ಟಿ ಇದೆ. ಹಲ್ಲಿನ ಡಾಕ್ಟರ್ ಆಗಲಿ, ಟೀಮ್ ಫಿಸಿಯೋ ಆಗಲಿ, ಮಾತ್ರೆ ಕೊಡುವ ಪ್ರತಿಯೊಬ್ಬರಿಗೂ "ನನಗೆ ಲಾಂಗ್ ಕ್ಯೂಟಿ ಇದೆ" ಅಂತ ಮೊದಲೇ ಹೇಳಿ.

ಈಗ ಬೀಟಾ ಬ್ಲಾಕರ್ ವಿಚಾರ. ನಡೊಲಾಲ್, ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರಿಗೆ ಸುಸ್ತು ಜಾಸ್ತಿ, ಹಾರ್ಟ್ ರೇಟ್ ಮೇಲೇರುವುದಿಲ್ಲ, ಸ್ಪೀಡ್ ಸಿಗುವುದಿಲ್ಲ. ಹಾಗಾಗಿ ಸ್ಪರ್ಧೆಯ ದಿನ ಮಾತ್ರ ಬಿಡೋಣ ಅನ್ನಿಸುತ್ತದೆ. ಆದರೆ ಲಾಂಗ್ ಕ್ಯೂಟಿ ಟೈಪ್ 1 ಇರುವವರಿಗೆ ತೊಂದರೆ ಎದ್ದೇಳುವುದೇ ಮೈದಣಿಸಿದಾಗ, ಅದರಲ್ಲೂ ಈಜುವಾಗ. ಅಂದರೆ ಮಾತ್ರೆ ಅತಿ ಹೆಚ್ಚು ಬೇಕಿರುವ ದಿನವೇ ಅದನ್ನು ಬಿಟ್ಟಂತೆ! ಸುಸ್ತು ತಡೆಯಲಾಗದಿದ್ದರೆ ಡೋಸ್ ಬಗ್ಗೆ ಡಾಕ್ಟರ್ ಹತ್ತಿರ ಜಗಳವನ್ನಾದರೂ ಆಡಿ, ನೀವಾಗೇ ನಿಲ್ಲಿಸಬೇಡಿ.

ಡೋಪಿಂಗ್ ನಿಯಮವೂ ಇದೆ. ಬಿಲ್ಲುಗಾರಿಕೆ, ಶೂಟಿಂಗ್‌ನಲ್ಲಿ ಬೀಟಾ ಬ್ಲಾಕರ್‌ಗೆ ವಾಡಾ (ವಿಶ್ವ ಡೋಪಿಂಗ್ ತಡೆ ಸಂಸ್ಥೆ) ನಿಷೇಧವಿದೆ, ಕೈ ನಡುಕ ತಗ್ಗಿಸುತ್ತದೆ ಅಂತ. ಚಿಕಿತ್ಸೆಗಾಗಿ ವಿನಾಯಿತಿ ಕೇಳಬಹುದು, ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲ. ಓಟ, ಈಜಿಗೆ ಈ ನಿಷೇಧವಿಲ್ಲ.

[ಎಇಡಿ ಯಂತ್ರದ ಚಿತ್ರ]

ಕೋಚ್‌ಗಳಿಗೆ ಒಂದು ಮಾತು. ಆಡುತ್ತಿರುವಾಗಲೇ ಒಬ್ಬರು ಕುಸಿದುಬಿದ್ದು, ಕರೆದರೂ ಅಲುಗಾಡದೆ, ಉಸಿರಾಟವೂ ಸರಿ ಇಲ್ಲದಿದ್ದರೆ ಮುಖಕ್ಕೆ ನೀರು ಚಿಮುಕಿಸುತ್ತಾ ನಿಲ್ಲಬೇಡಿ. ಆಂಬುಲೆನ್ಸ್‌ಗೆ ಫೋನ್ ಮಾಡಿಸಿ, ಎದೆ ಒತ್ತಲು ಶುರು ಮಾಡಿ, ಎಇಡಿ (ಶಾಕ್ ಕೊಟ್ಟು ಹೃದಯದ ಲಯ ಸರಿಪಡಿಸುವ ಯಂತ್ರ) ತರಲು ಒಬ್ಬರನ್ನು ಓಡಿಸಿ.